ಆನೆ ಬಂದಿತ್ತು ಮಿಸ್

ಹೋಂವರ್ಕ್ ಯಾಕೆ ಮಾಡಿಲ್ಲ ಅಂದ್ರೆ ಬೇರೆ ಕಡೆ ಮಕ್ಕಳು ಹೊಟ್ಟೆನೋವು, ಅಜ್ಜಿಗೆ ಹುಷಾರಿಲ್ಲ ಅಂತಾರೆ, ನಮ್ಮ ಕೊಡಗಿನ ಆರು-ಏಳನೇ ಕ್ಲಾಸಿನವರ ಹತ್ರ ಬ್ರಹ್ಮಾಸ್ತ್ರನೇ ಇದೆ. "ಆನೆ ಬಂದಿತ್ತು ಮಿಸ್." ಮುಗೀತು, ಮುಂದೆ ಮಾತಿಲ್ಲ. ಸಿದ್ದಾಪುರ, ಪಾಲಿಬೆಟ್ಟ ಕಡೆ ತೋಟಕ್ಕೆ ಆನೆ ಬರೋದು ನಿಜಾನೇ, ತೋಟದ ಕೆಲಸದವರ ಲೈನ್ ಮನೆ ಪಕ್ಕದ ಹಲಸಿನ ಮರದ ಹತ್ರ ಅದು ನಿಂತಿರುವಾಗ ಯಾವ ಮಗು ತಾನೇ ಭಿನ್ನರಾಶಿ ಬಿಡಿಸುತ್ತೆ ಹೇಳಿ. ಆದ್ರೆ ಗಣಿತ ಕೊಟ್ಟ ದಿನಾನೇ ಬರೋ ಆ ಆನೆ ಡ್ರಾಯಿಂಗ್ ಕೊಟ್ಟ ದಿನ ಎಲ್ಲಿಗೆ ಹೋಗಿರುತ್ತೆ ಅನ್ನೋದನ್ನ ಫಾರೆಸ್ಟ್‌ನವರೇ ಹೇಳ್ಬೇಕು.

ಜುಲೈನಲ್ಲಿ ಆನೆನೂ ಬೇಕಿಲ್ಲ, ಮಳೆ ಸಾಕು. ಕರೆಂಟ್ ಹೋದ್ರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು, ಬೆಳಿಗ್ಗೆ ಎದ್ದ ತಕ್ಷಣ ಎಲ್ರೂ ಡಿಸಿ ರಜೆ ಕೊಟ್ರಾ ಅಂತ ಮೊಬೈಲ್ ನೋಡೋದು, ರಜೆ ಕೊಟ್ಟೇ ಕೊಡ್ತಾರೆ ಅಂತ ನಂಬ್ಕೊಂಡು ಹಿಂದಿನ ರಾತ್ರಿ ಬುಕ್ಕೇ ತೆರೆಯದವರೂ ಇದ್ದಾರೆ. ಬರೆದವರ ನೋಟ್ಸನ್ನಾದ್ರೂ ನೋಡೋಣ ಅಂದ್ರೆ ಬ್ಯಾಗಿಂದ ಬರೋದು ತೇವ ಕುಡಿದು ಉಬ್ಬಿದ ಪುಸ್ತಕ, ಅಂಚೆಲ್ಲಾ ಅಲೆಅಲೆ, ಒಲೆ ಮೇಲೆ ಒಣಗಿಸಿದ್ದಕ್ಕೆ ಹೊಗೆ ವಾಸನೆ, ಆ ಹಾಳೆ ಮೇಲೆ ಬಾಲ್ ಪೆನ್ ನಾಲ್ಕಕ್ಷರ ಮೂಡಿಸಿ ಐದನೇದಕ್ಕೆ ಬರೀ ಗೀರು ಬಿಟ್ಟಿರುತ್ತೆ. ಇಂಥದ್ರಲ್ಲಿ ಅರ್ಧ ಪುಟ ಬರ್ಕೊಂಡು ಬಂದ ಹುಡುಗನಿಗೆ ನಾನಂತೂ ಪೂರ್ತಿ ಮಾರ್ಕ್ಸ್ ಕೊಡ್ತೀನಿ, ಯಾರು ಬೇಕಾದ್ರೂ ಬಂದು ಕೇಳ್ಲಿ.

ಆಮೇಲೆ ಕಾಪಿ ಹೊಡೆಯೋರು. ಬ್ರಹ್ಮಗಿರಿ ಅಂತ ಬರೀಬೇಕಾದ ಕಡೆ ಒಬ್ಬಳು ಬ್ರಮ್ಮಗರಿ ಅಂತ ಬರೆದಿದ್ದಳು, ಆ ಸಾಲಿನ ಅಷ್ಟೂ ನೋಟ್ಸಲ್ಲಿ ಅದೇ ಬ್ರಮ್ಮಗರಿಯಿಂದ ಕಾವೇರಿ ಹುಟ್ಟಿ ಹರೀತಿತ್ತು. ಬೆಳಗಿನ ಬಸ್ಸಲ್ಲಿ, ಅದೂ ತಿರುವಿನ ರೋಡಲ್ಲಿ ಬರೆದದ್ದು ಅಂತ ಅಕ್ಷರ ನೋಡಿದ್ರೇ ಗೊತ್ತಾಗುತ್ತೆ.

ಹಾಗಂತ ಹೊಡೆಯೋ ಹಾಗಿಲ್ಲ, 2009ರ ಆರ್‌ಟಿಇ ಕಾಯ್ದೆಯ 17ನೇ ಸೆಕ್ಷನ್ನಲ್ಲೇ ಬೇಡ ಅಂತಿದೆ, ಇರ್ಲೇಬೇಕಾದ ನಿಯಮ ಅದು. ಅಪ್ಪ-ಅಮ್ಮನ ಸೈನ್ ಹಾಕಿಸ್ಕೊಂಡು ಬಾ ಅಂದ್ರೆ, ಕಾಫಿ ಕುಯ್ಯೋ ಸೀಸನ್ನಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ, ಅವರು ಮನೆಗೆ ಬರೋ ಹೊತ್ತಿಗೆ ಕತ್ತಲು, ಅಷ್ಟರವರೆಗೆ ತಮ್ಮ-ತಂಗೀನ ನೋಡ್ಕೊಂಡಿದ್ದು ಇದೇ ಏಳನೇ ಕ್ಲಾಸಿನವಳು. ಅದಕ್ಕೇ ನಾನೀಗ ಪೀರಿಯಡ್ ಮುಗಿಯೋಕೆ ಹತ್ತು ನಿಮಿಷ ಇರುವಾಗಲೇ ಪಾಠ ನಿಲ್ಲಿಸಿ ಹೋಂವರ್ಕನ್ನ ಕ್ಲಾಸಲ್ಲೇ ಶುರು ಮಾಡಿಸಿಬಿಡ್ತೀನಿ. ಮೊದಲ ಪ್ರಶ್ನೆ ಅಲ್ಲೇ ಆಗ್ಬೇಕು. ಶುರುವಾದದ್ದು ಹೇಗೋ ಮುಗಿದು ಬರುತ್ತೆ, ಖಾಲಿ ಹಾಳೆ ಮನೆಗೆ ಹೋದ್ರೆ ಖಾಲಿಯಾಗೇ ವಾಪಸ್.

ಒಂದು ಹೋಂವರ್ಕಿಗೆ ಮಾತ್ರ ಇಲ್ಲಿ ನೆಪ ಇಲ್ಲ, ಮಳೆ ಅಳೆಯೋದು. ಇಲ್ಲಿ ಕಾಫಿ ಬೆಳೆಗಾರರು ಮಳೇನ ಈಗಲೂ ಇಂಚಲ್ಲೇ ಹೇಳೋದು, ಇಬ್ರು ಸಿಕ್ರೆ ನಮಸ್ಕಾರಕ್ಕಿಂತ ಮೊದಲು "ನಿಮ್ಮಲ್ಲಿ ಎಷ್ಟಾಯ್ತು?" ಅಂತಾರೆ. ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ ಅದನ್ನೇ ತಲೆಕೆಳಗೆ ಕೂರಿಸಿ, ತಳ ಡೊಂಕಾಗಿರುತ್ತಲ್ಲ ಅದು ಮುಚ್ಚೋವಷ್ಟು ನೀರು ಹಾಕಿ ಅಲ್ಲಿಂದ ಸೊನ್ನೆ ಗೆರೆ, ಸ್ಕೇಲ್ ಅಂಟಿಸಿದ್ರೆ ಮಳೆಮಾಪಕ ರೆಡಿ. ಮಿಲಿಮೀಟರಲ್ಲಿ ಓದಿ 25.4ರಿಂದ ಭಾಗಿಸಿ ಇಂಚು ಮಾಡ್ಕೊಂಡು ಬನ್ನಿ ಅಂದೆ. ದಶಮಾಂಶ ಕಂಡ್ರೆ ಓಡೋರೆಲ್ಲ ಭಾಗಾಕಾರ ಮಾಡ್ಕೊಂಡು ಬಂದ್ರು! ತೋಟದ ಲೆಕ್ಕ ಬರೆಯೋ ಎಸ್ಟೇಟ್ ರೈಟರ್ ಹತ್ರ ಹೋಗಿ ಅವರ ಲೆಕ್ಕಕ್ಕೆ ತಾಳೆ ನೋಡಿ, ನಿಮ್ಮದೇ ತಪ್ಪು ಅಂತ ವಾದ ಮಾಡಿ ಬಂದವರೂ ಉಂಟು. ಒಬ್ಬ ಒಂದೇ ರಾತ್ರಿಗೆ ಬಾಟಲಿ ತುಂಬಿ ಹರೀತು ಅಂದ, ವಿಚಾರಿಸಿದ್ರೆ ಸೂರಿನ ನೀರು ಬೀಳೋ ಕಡೆ ಇಟ್ಟಿದ್ದಾನೆ, ಆಕಾಶ ಕಾಣೋ ಕಡೆ ಇಡೋ ಅಂದಿದ್ದಕ್ಕೆ ಮಾರನೇ ದಿನ ಜಾಗ ಬದಲಾಯ್ಸಿ ಹೊಸ ಲೆಕ್ಕ ತಂದ.

ಈಗ ನಮ್ಮ ಗಣಿತದ ಮೇಷ್ಟ್ರು ಆ ಲೆಕ್ಕನೆಲ್ಲ ತಮ್ಮ ಎಫ್‌ಎಗೆ, ಅಂದ್ರೆ ವರ್ಷದ ನಡುವೆ ಮಾರ್ಕ್ಸ್ ಹಾಕೋ ರೂಪಣಾತ್ಮಕ ಮೌಲ್ಯಮಾಪನಕ್ಕೆ, ಕೊಡಿ ಮೇಡಂ ಅಂತ ಹಿಂದೆ ಬಿದ್ದಿದ್ದಾರೆ. ಅವರಿಗೆ ಆನೆ ಇದೆಯಲ್ಲ, ಮಳೆ ನಂದು.