‘ದಾಳಿಗೊಳಗಾದ ಕಾರ್ಯಕ್ರಮ’ದ ಧ್ವನಿಮುದ್ರಣ: ಒಂದು ಸ್ಪಷ್ಟನೆ

ಹವ್ಯಾಸಿ ರಾಜಕೀಯ ಪಂಕ್ (ಬಿರುಸಿನ ರಾಕ್ ಸಂಗೀತದ) ತಂಡವೊಂದರ ಹಳೆಯ ಕ್ಯಾಸೆಟ್ ಧ್ವನಿಮುದ್ರಣವು ‘ಪೊಲೀಸರು ನುಗ್ಗಿ ನಿಲ್ಲಿಸಿದ ಕಾರ್ಯಕ್ರಮದ ನೇರ ಮುದ್ರಣ’ ಎಂಬ ಒಕ್ಕಣೆಯೊಂದಿಗೆ ಹರಿದಾಡುತ್ತಿದೆ. ಈ ಮಾಹಿತಿ ಸರಿಯಲ್ಲ. ಇದು ತಾಲೀಮಿನ ಮುದ್ರಣ.

ಪೂರ್ತಿಯಾಗಿ ಕೇಳಿದರೆ ಎಲ್ಲಿಯೂ ಚಪ್ಪಾಳೆಯಿಲ್ಲ, ಡ್ರಮ್ಮಿನ ಲಯ ತಪ್ಪಿದಲ್ಲೆಲ್ಲ ಹಾಡು ನಿಂತು ಅದೇ ಸಾಲಿನಿಂದ ಮತ್ತೆ ಶುರುವಾಗುತ್ತದೆ. ಕೊನೆಯಲ್ಲಿ ಘೋಷಣೆಯ ನಡುವೆಯೇ ಧ್ವನಿ ಕಡಿದುಹೋಗುವುದನ್ನು ದಾಳಿಗೆ ಸಾಕ್ಷಿಯೆಂದು ತೋರಿಸಲಾಗುತ್ತಿದೆ. ಆದರೆ 60 ನಿಮಿಷದ ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಹಿಡಿಸುವುದು ಸುಮಾರು 30 ನಿಮಿಷ ಮಾತ್ರ, ಧ್ವನಿ ನಿಲ್ಲುವುದೂ ಅಲ್ಲಿಯೇ. ಟೇಪು ಮುಗಿದಿದೆ, ಅಷ್ಟೆ.

ತಂಡವು ‘ಮನುಷ್ಯರಿಗೆ ಅಸಾಧ್ಯವಾದ ವೇಗದಲ್ಲಿ’ ನುಡಿಸುತ್ತಿತ್ತೆಂಬ ಮಾತಿಗೂ ತಿದ್ದುಪಡಿ ಅಗತ್ಯ. ಕ್ಯಾಸೆಟ್ಟಿನ ನಿಗದಿತ ವೇಗ ಸೆಕೆಂಡಿಗೆ 4.76 ಸೆಂಟಿಮೀಟರ್ ಆಗಿದ್ದು, ಬ್ಯಾಟರಿ ಕುಗ್ಗಿ ನಿಧಾನವಾಗಿ ಓಡುವ ರೆಕಾರ್ಡರಿನಲ್ಲಿ ಮುದ್ರಿಸಿದ್ದನ್ನು ನಿಗದಿತ ವೇಗದಲ್ಲಿ ನುಡಿಸಿದಾಗ ಹಾಡು ಚುರುಕಾಗಿಯೂ ಶ್ರುತಿ ಏರಿಯೂ ಕೇಳುತ್ತದೆ. ಆಂಪ್ಲಿಫೈಯರಿನಿಂದ ಬರುವ ವಿದ್ಯುತ್ತಿನ ಗುಂಯ್ ಎಂಬ ಸದ್ದು ವಿದ್ಯುತ್ ಪೂರೈಕೆಯಂತೆಯೇ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ) ಇರಬೇಕಾದಲ್ಲಿ ಈ ಮುದ್ರಣದಲ್ಲಿ 53ರ ಆಸುಪಾಸಿನಲ್ಲಿದೆ. ಅಂದರೆ ವೇಗ ಶೇಕಡ 6ರಷ್ಟು, ಶ್ರುತಿ ಸುಮಾರು ಅರ್ಧ ಸ್ವರದಷ್ಟು ಹೆಚ್ಚಾಗಿದೆ. ಸರಿಪಡಿಸಿ ಕೇಳಿದರೂ ವಾದನ ಬಿರುಸಾಗಿಯೇ ಇದೆಯೆನ್ನಿ, ಆದರೆ ಅದು ಮನುಷ್ಯರ ಬಿರುಸು.

ಆದ್ದರಿಂದ ಆ ಒಕ್ಕಣೆಯಿರುವ ಸಂದೇಶವನ್ನು ದಯವಿಟ್ಟು ಮುಂದಕ್ಕೆ ಕಳುಹಿಸಬೇಡಿ. ಈಗಾಗಲೇ ಹಂಚಿಕೊಂಡವರು ಮುದ್ರಣವನ್ನು ಅಳಿಸಬೇಕಿಲ್ಲ. ‘ತಾಲೀಮಿನ ಮುದ್ರಣ, ವೇಗ ತುಸು ಹೆಚ್ಚಿದೆ’ ಎಂದು ತಿದ್ದಿದರೆ ಸಾಕು.