ಸದ್ದಿಗೊಂದು ಜಾಗ

ಬಡಿಯುವುದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ವರ್ಷದ ಮಗುವಿನ ಕೈಗೆ ಒಂದು ಚಮಚ ಕೊಟ್ಟು, ಎದುರಿಗೊಂದು ಪಾತ್ರೆ ಬೋರಲು ಹಾಕಿ ನೋಡಿ. ಆಮೇಲೆ ನಾವು ಕಲಿಸುವುದೆಲ್ಲ ಬಡಿಯದೇ ಇರುವುದನ್ನು. "ಏ, ನಿಲ್ಸೋ, ಪಕ್ಕದ ಮನೆಯವರು ಮಲಗಿದ್ದಾರೆ" ಎಂದು ಶುರುವಾದ ಪಾಠ ಶಾಲೆ, ಆಫೀಸು, ಅಪಾರ್ಟ್‌ಮೆಂಟು ಎಂದು ಮುಂದುವರಿಯುತ್ತದೆ. ನಡುವಯಸ್ಸಿಗೆ ಬರುವಷ್ಟರಲ್ಲಿ ಮನುಷ್ಯ ಬಾಗಿಲನ್ನೂ ಸದ್ದಾಗದಂತೆ ಹಾಕುತ್ತಾನೆ. ಆಗ ಅವನ ಕಣ್ಣಿಗೆ ಒಂದು ಜಾಹೀರಾತು ಬೀಳುತ್ತದೆ: ಜಪಾನಿನ ತೈಕೊ ಡೋಲು ಕಲಿಯಿರಿ, ಊಟ ವಸತಿ ಸೇರಿ ಇಷ್ಟು. ಬೈಸಿಕೊಂಡು ಮಾಡುತ್ತಿದ್ದದ್ದನ್ನು ಈಗ ದುಡ್ಡು ಕೊಟ್ಟು ಮಾಡಬಹುದು!

ನಾನೂ ಕೊಟ್ಟೆ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ, ಹಳ್ಳಿಯಿಂದಲೂ ಸ್ವಲ್ಪ ಆಚೆ, ಹಿಂದೆ ಹುಲ್ಲು ಒಟ್ಟುತ್ತಿದ್ದ ಒಂದು ದೊಡ್ಡ ಕೊಟ್ಟಿಗೆಯಲ್ಲಿ ಶಿಬಿರ. ಸುತ್ತ ಕುರಿಗಳು. ಡೋಲು ಕಲಿಯಲು ಅಲ್ಲೇ ಉಳಿಯಬೇಕು ಯಾಕೆ, ಸಂಜೆ ಒಂದು ತಾಸು ಕ್ಲಾಸಿಗೆ ಹೋಗಿಬಂದರೆ ಸಾಲದೇ ಅಂತ ಮೊದಲು ಅನ್ನಿಸಿತ್ತು. ಮೊದಲ ಏಟು ಬಿದ್ದ ಕೂಡಲೇ ಉತ್ತರ ಸಿಕ್ಕಿತು. ಆ ಸದ್ದು ಕಿವಿಗಿಂತ ಮುಂಚೆ ಎದೆಗೂಡಿಗೆ ಬರುತ್ತದೆ. ಕಾಲ ಕೆಳಗಿನ ಹಲಗೆ ನಡುಗುತ್ತದೆ. ಇದನ್ನು ಊರೊಳಗೆ ಇಟ್ಟುಕೊಂಡು ಯಾರೂ ಬಾಳುವೆ ಮಾಡಲಾರರು. ಮಿಕ್ಸಿ ಸದ್ದಿಗೇ ವಾಟ್ಸಾಪ್ ಗುಂಪಿನಲ್ಲಿ ಪಂಚಾಯಿತಿ ಮಾಡುವ ಕಾಲ ಇದು.

ಜಪಾನಿನಲ್ಲೂ ಹಾಗೇ. ಇವತ್ತು ಜಗತ್ತಿನಲ್ಲೆಲ್ಲ ಹೆಸರಾಗಿರುವ ಕೋದೊ ಎಂಬ ತೈಕೊ ತಂಡ ಇರುವುದು ಟೋಕಿಯೊದಲ್ಲಲ್ಲ, ಜಪಾನ್ ಸಮುದ್ರದ ಸಾದೊ ದ್ವೀಪದಲ್ಲಿ. ಹಿಂದೆ ಬೇಡವಾದವರನ್ನು ಗಡೀಪಾರು ಮಾಡುತ್ತಿದ್ದ ಜಾಗ ಅದು. 1221ರಲ್ಲಿ ಸಿಂಹಾಸನ ಬಿಟ್ಟಿದ್ದ ಚಕ್ರವರ್ತಿ ಜುಂತೊಕು, 1271ರಲ್ಲಿ ನಿಚಿರೆನ್ ಎಂಬ ಜಗಳಗಂಟ ಸನ್ಯಾಸಿ, 1434ರಲ್ಲಿ 'ನೋ' ಎಂಬ ಹಳೇ ಜಪಾನಿ ನಾಟಕದ ದೊಡ್ಡ ಆಚಾರ್ಯ ಜೆಅಮಿ, ಎಲ್ಲರೂ ಅಲ್ಲಿಗೇ ಹೋದವರು. 1970ರ ಆಸುಪಾಸಿನಲ್ಲಿ ಹುಡುಗರ ಗುಂಪೊಂದು ತಾವಾಗಿಯೇ ಅಲ್ಲಿಗೆ ಹೋಗಿ ಡೋಲು ಹಿಡಿಯಿತು. ಒಂದೆಕೊಜಾ ಎಂದು ಆ ತಂಡದ ಹೆಸರು. ಒಟ್ಟಿಗೆ ಇರುವುದು, ಒಟ್ಟಿಗೆ ಓಡುವುದು, ಒಟ್ಟಿಗೆ ಬಾರಿಸುವುದು ಅವರ ಕ್ರಮ. 1975ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಡಿ, ಮುಗಿಸಿದವರೇ ಸೀದಾ ಡೋಲಿನ ಮುಂದೆ ನಿಂತು ಬಾರಿಸಿದರು. ನಾವಾದರೆ ಬಸ್ಸು ಹಿಡಿಯಲು ಓಡಿದರೂ ಅರ್ಧ ಗಂಟೆ ಕೂರಬೇಕು. ಕೋದೊ ಹುಟ್ಟಿದ್ದು ಆ ಗುಂಪು ಒಡೆದಾಗ, 1981ರಲ್ಲಿ. ಅಲ್ಲಿ ಸೇರಬೇಕೆಂದರೆ ಮೊದಲು ಎರಡು ವರ್ಷ ಶಿಷ್ಯವೃತ್ತಿ. ಹಳೇ ಶಾಲೆಯೊಂದರಲ್ಲಿ ವಾಸ. ಬೆಳಿಗ್ಗೆ ಎದ್ದು ಓಟ, ಗುಡಿಸಿ ಒರೆಸುವುದು, ಅಡುಗೆ, ಗದ್ದೆ ಕೆಲಸ. ಮೊಬೈಲ್ ಇಲ್ಲ, ಟಿವಿ ಇಲ್ಲ. ಇಷ್ಟೆಲ್ಲ ಆದ ಮೇಲೂ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ ಎಂಬ ಖಾತರಿಯಿಲ್ಲ.

ಸಾದೊದ ಊರವರಿಗೆ ಡೋಲು ಹೊಸದೇನಲ್ಲ. ಅಲ್ಲಿನ ಹಬ್ಬಗಳಲ್ಲಿ ರಾಕ್ಷಸನ ಮುಖವಾಡ ಹಾಕಿದವನು ಡೋಲಿನ ಬಡಿತಕ್ಕೆ ಕುಣಿಯುತ್ತ ಮನೆಮನೆಗೂ ಹೋಗುತ್ತಾನೆ. ಕೆಟ್ಟದ್ದು ಓಡಲಿ, ಬೆಳೆ ಚೆನ್ನಾಗಿ ಬರಲಿ ಅಂತ. ಆ ದಿನ ಮನೆಯ ಮುಂದೆ ಗದ್ದಲ ಆಗದಿದ್ದರೇ ಬೇಜಾರು.

ನಮ್ಮ ಕೊಟ್ಟಿಗೆಯಲ್ಲಿ ಗದ್ದೆ ಕೆಲಸ ಇರಲಿಲ್ಲ, ಪುಣ್ಯ. ಆದರೆ ನೆಲ ಒರೆಸುವುದಿತ್ತು. ಪಾಠಕ್ಕೆ ಮುಂಚೆ ಎಲ್ಲರೂ ಬಗ್ಗಿ "ಒನೆಗೈಶಿಮಸ್", ಅಂದರೆ ದಯವಿಟ್ಟು ಕಲಿಸಿಕೊಡಿ, ಅನ್ನಬೇಕು. ಆಮೇಲೆ ಕಾಲಿನ ಪಾಠ. ಎಡಗಾಲು ಮುಂದೆ, ಮಂಡಿ ಬಗ್ಗಿರಬೇಕು. ಬಲಗಾಲು ಹಿಂದೆ ಚಾಚಿರಬೇಕು. ಡೋಲು ಬಾರಿಸಲು ಬಂದವರಿಗೆ ಮೊದಲು ನೋಯುವುದು ತೊಡೆ! ಬಚಿ ಅಂತ ಕರೆಯುವ ಆ ದಪ್ಪ ಕೋಲನ್ನು ಸೂರಿನ ಕಡೆಗೆ ಎತ್ತಿ, ಹೊಡೆಯಬಾರದು, ಬೀಳಲು ಬಿಡಬೇಕು. ಕೈಯ ತೂಕವೇ ಕೆಲಸ ಮಾಡುತ್ತದೆ. ಗುದ್ದಿದರೆ ಸದ್ದು ಚಿಕ್ಕದು, ಬಿಟ್ಟರೆ ದೊಡ್ಡದು. ಇದು ಹೇಳಲು ಸುಲಭ. ಜೀವಮಾನವಿಡೀ ಎಲ್ಲವನ್ನೂ ಬಿಗಿಹಿಡಿದೇ ಅಭ್ಯಾಸವಾದ ಭುಜಕ್ಕೆ ಇದು ತಿಳಿಯುವಷ್ಟರಲ್ಲಿ ಅಂಗೈಯಲ್ಲಿ ಬೊಕ್ಕೆ ಎದ್ದಿರುತ್ತದೆ. ಅದಕ್ಕೆಂದೇ ಮೇಜಿನ ಮೇಲೆ ಅಂಟುಪಟ್ಟಿಯ ಸುರುಳಿಗಳನ್ನು ಸಾಲಾಗಿ ಇಟ್ಟಿದ್ದರು. ಅನುಭವಸ್ಥರು, ಅಲ್ವಾ.

ಪುಸ್ತಕವಿಲ್ಲ, ಸ್ವರಲಿಪಿಯಿಲ್ಲ. ಪಾಠವೆಲ್ಲ ಬಾಯಲ್ಲೇ. ದೊನ್ ಅಂದರೆ ನಡುವಿಗೆ ಒಂದು ತುಂಬು ಏಟು. ದೊಕೊ ಅಂದರೆ ಅದೇ ಜಾಗಕ್ಕೆ ಬೇಗ ಬೇಗ ಎರಡು. ಕ ಅಂದರೆ ಅಂಚಿನ ಕಟ್ಟಿಗೆಗೆ. ಮೃದಂಗದ ಮೇಷ್ಟರ ಮುಂದೆ ಕೂತು ತ ದಿ ತೊಂ ನಂ ಹೇಳಿದವರಿಗೆ ಇದು ನೆಂಟರ ಮನೆಗೆ ಹೋದಂತೆ. ಬಾಯಿಗೆ ಬಂದದ್ದು ಕೈಗೆ ಬರುತ್ತದೆ ಅನ್ನುವ ನಂಬಿಕೆ ಎರಡೂ ಕಡೆ ಒಂದೇ. ಕಷ್ಟ ಇರುವುದು ನಡುನಡುವೆ ಕೂಗಬೇಕಾದಲ್ಲಿ. "ಹಾ!" "ಸೋರೆ!" ಎಂದು ಹೊಟ್ಟೆಯಿಂದ ಕೂಗು ಏಳಬೇಕು. ಹಾದಿಯಲ್ಲಿ ಅವರ ಕಾಲನ್ನು ನೀವು ತುಳಿದರೆ ತಾವೇ ಸಾರಿ ಅನ್ನುವ ಜನ ಈ ಇಂಗ್ಲಿಷರು. ಅವರ ಮೊದಲ "ಹಾ" ಕೆಮ್ಮಿನಂತಿತ್ತು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ನರ್ಸ್ ಒಬ್ಬರು ಮಾತ್ರ ಮೊದಲ ಸಲಕ್ಕೇ ಸೂರು ಹಾರಿಹೋಗುವಂತೆ ಕೂಗಿದರು. ಎಷ್ಟು ವರ್ಷದ್ದು ಒಳಗೆ ಇತ್ತೋ! ಆಚೆ ಹೊಲದ ಕುರಿಗಳು ತಲೆ ಎತ್ತಲೂ ಇಲ್ಲ. ಅವಕ್ಕೆ ರೂಢಿಯಾಗಿರಬೇಕು.

ಇದೆಲ್ಲ ಸಾವಿರಾರು ವರ್ಷದ ವಿದ್ಯೆ ಅಂತ ಶಿಬಿರಕ್ಕೆ ಬಂದ ಅರ್ಧ ಜನ ನಂಬಿದ್ದರು. ಡೋಲು ಹಳೆಯದು ನಿಜ. ಇಶಿಕಾವಾ ಪ್ರಾಂತ್ಯದ ಅಸಾನೊ ಎಂಬ ಮನೆತನ ಡೋಲು ಮಾಡಲು ಶುರು ಮಾಡಿದ್ದು 1609ರಲ್ಲಿ, ಇನ್ನೂ ಮಾಡುತ್ತಿದೆ. ಆದರೆ ಹೀಗೆ ಸಣ್ಣದು ದೊಡ್ಡದು ಡೋಲುಗಳನ್ನೆಲ್ಲ ಸೇರಿಸಿ ವೇದಿಕೆಯ ಮೇಲೆ ತಂಡವಾಗಿ ಬಾರಿಸುವ ರೀತಿ ಹುಟ್ಟಿದ್ದು 1951ರಲ್ಲಿ, ನಾಗಾನೊ ಪ್ರಾಂತ್ಯದ ಸುವಾದಲ್ಲಿ. ಮಾಡಿದವನು ಒಗುಚಿ ದೈಹಚಿ, ಜಾಸ್ ಡ್ರಮ್ಮರ್. ದೇವಸ್ಥಾನದ ಹಳೇ ಡೋಲಿನ ಪಾಠ ಅವನ ಕೈಗೆ ಬಂತು. ಒಂದೇ ಡೋಲಿನಲ್ಲಿ ಅದು ಸಪ್ಪೆ ಅನ್ನಿಸಿ, ತನ್ನ ಜಾಸ್ ಬುದ್ಧಿಯನ್ನೇ ಓಡಿಸಿ, ಬೇರೆ ಬೇರೆ ಡೋಲುಗಳಿಗೆ ಹಂಚಿದ. ಅಂದರೆ ನಾವು ಅಷ್ಟು ಭಯಭಕ್ತಿಯಿಂದ ಬಗ್ಗಿ ನಮಸ್ಕರಿಸುತ್ತಿದ್ದ ಪರಂಪರೆ ನಮ್ಮೂರಿನ ಎಷ್ಟೋ ಅಜ್ಜಂದಿರಿಗಿಂತ ಚಿಕ್ಕದು. ನನಗೆ ಇದರಿಂದ ಅದರ ಮೇಲಿನ ಪ್ರೀತಿ ಜಾಸ್ತಿಯೇ ಆಯಿತು. ಪಕ್ಕದವರಿಗೆ ಹೇಳಿದೆ. ಅವರು ಕೊಟ್ಟ ದುಡ್ಡು ನೆನಪಾಯಿತೋ ಏನೋ, ಮುಖ ಸಣ್ಣದಾಯಿತು.

ಡೋಲಿನ ಮೈ ಕೆಯಾಕಿ ಎಂಬ ಮರದ ಇಡೀ ದಿಮ್ಮಿಯನ್ನು ತೋಡಿ ಮಾಡಿದ್ದು. ಬಾಯಿಗೆ ದನದ ಚರ್ಮ, ಸುತ್ತ ಕಬ್ಬಿಣದ ಮೊಳೆ. ಈ ಚರ್ಮದ ವಿಷಯ ಶಿಬಿರದಲ್ಲಿ ಯಾರೂ ಎತ್ತಲಿಲ್ಲ. ಜಪಾನಿನಲ್ಲಿ ಸತ್ತ ದನ ಸುಲಿದು ಚರ್ಮ ಹದ ಮಾಡುವವರನ್ನು ಶತಮಾನಗಳ ಕಾಲ ಮೈಲಿಗೆ ಎಂದು ಬೇರೆ ಕೇರಿಯಲ್ಲೇ ಇಟ್ಟಿದ್ದರು. 1871ರಲ್ಲಿ ಸರ್ಕಾರ ಆ ಭೇದ ಇಲ್ಲ ಎಂದು ಸಾರಿತು. ಜನ ಅಷ್ಟು ಬೇಗ ಬಿಡಲಿಲ್ಲ. ದೇವರ ಮುಂದೆ ಬಾರಿಸುವ ಡೋಲು ಬೇಕು, ಅದನ್ನು ಮಾಡಿದವನು ಮಾತ್ರ ಹತ್ತಿರ ಬರಬಾರದು. ನಮ್ಮಲ್ಲಿ ತಮಟೆಯವರ ಕೇರಿ ಊರಾಚೆ ಯಾಕಿತ್ತು ಎಂದು ಗೊತ್ತಿದ್ದವರಿಗೆ ಈ ಕಥೆ ಹೊಸದಲ್ಲ. ಒಸಾಕಾದ ನಾನಿವಾ ಅಂಥದೇ ಒಂದು ಕೇರಿ. ತಲೆಮಾರುಗಟ್ಟಲೆ ಬೇರೆಯವರಿಗೆ ಡೋಲು ಮಾಡಿಕೊಟ್ಟ ಆ ಕೇರಿಯ ಯುವಕರು 1987ರಲ್ಲಿ ತಾವೇ ಕೋಲು ಹಿಡಿದು ನಿಂತರು. ತಂಡಕ್ಕೆ 'ಇಕಾರಿ', ಸಿಟ್ಟು, ಎಂದೇ ಹೆಸರಿಟ್ಟರು. ನಾವು ರಜೆ ಹಾಕಿ, ರೈಲು ಹಿಡಿದು, ಊರಾಚೆ ಹೋಗಿ ಸಂತೋಷಪಟ್ಟು ಬಂದೆವು. ಡೋಲು ಮಾಡುವವರನ್ನು ಊರಾಚೆ ಇಟ್ಟದ್ದು ಸದ್ದಿಗಲ್ಲ.

ಶಿಬಿರ ಮುಗಿದ ಮೇಲೆ ಅಭ್ಯಾಸ ಬಿಡಬೇಡಿ ಅಂದರು ಗುರುಗಳು. ನನ್ನದು ಬಾಡಿಗೆ ಫ್ಲ್ಯಾಟು, ಕೆಳಗೆ ವಯಸ್ಸಾದ ದಂಪತಿ. ಅದಕ್ಕೂ ದಾರಿ ಇದೆಯಂತೆ. ಹಳೇ ಕಾರಿನ ಟೈರಿನ ತೂತಿನ ಮೇಲೆ ಪ್ಯಾಕಿಂಗ್ ಟೇಪು ಅಡ್ಡಡ್ಡ, ಉದ್ದುದ್ದ, ಬಿಗಿಯಾಗಿ ಎಳೆದು ಅಂಟಿಸಿದರೆ ಅಭ್ಯಾಸದ ಡೋಲು ತಯಾರು. ಎಷ್ಟೋ ಕಡೆಯ ತೈಕೊ ತಂಡಗಳು ಹೀಗೇ ಅಭ್ಯಾಸ ಮಾಡುತ್ತವೆ. ಸದ್ದು ಸುಮಾರಾಗಿ ಒದ್ದೆ ಬಟ್ಟೆ ಒಗೆದಷ್ಟು ಬರುತ್ತದೆ. ಮರುದಿನವೇ ಗ್ಯಾರೇಜಿಗೆ ಹೋಗಿ ಹಳೇ ಟೈರು ಇದೆಯಾ ಎಂದು ಕೇಳಿದೆ.

"ಯಾವ ಗಾಡಿಗೆ?" ಅಂದ.

"ಗಾಡಿಗಲ್ಲ, ಬಾರಿಸೋದಕ್ಕೆ" ಅಂದೆ.

ಒಂದು ಕ್ಷಣ ನನ್ನ ಮುಖ ನೋಡಿದ. ಒಳಗಿನಿಂದ ಒಳ್ಳೆಯದೊಂದು ಆರಿಸಿ ತಂದುಕೊಟ್ಟ. ದುಡ್ಡು ಎಷ್ಟು ಅಂದರೆ ಬೇಡವೇ ಬೇಡ ಅಂದ.