‘ಛೀ’ ಎಂದರೆ 62 ಅಂಕ

ಅಕ್ಷರದ ಬಿಲ್ಲೆಗಳನ್ನು ಮಣೆಯ ಮೇಲೆ ಜೋಡಿಸಿ ಇಂಗ್ಲಿಷ್ ಪದ ಕಟ್ಟಿ ಅಂಕ ಗಳಿಸುವ ಸ್ಕ್ರ್ಯಾಬಲ್ ಆಟದಲ್ಲಿ ಸೋಲಬೇಕೆಂದರೆ ಇಂಗ್ಲಿಷ್ ಚೆನ್ನಾಗಿ ಬರಬೇಕು. ನಮ್ಮ ಯಜಮಾನರಿಗೆ ಬಹಳ ಚೆನ್ನಾಗಿ ಬರುತ್ತದೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಹೇಳಿಯೇ ನಿವೃತ್ತರಾದವರು. ಏಳು ಬಿಲ್ಲೆ ಕೈಗೆ ಬಂದೊಡನೆ ಅವರಿಗೆ ಯಾವುದೋ ಕವಿತೆಯ ಸಾಲು ನೆನಪಾಗುತ್ತದೆ. ಕನ್ನಡಕ ಒರೆಸಿ, ಗಂಟಲು ಸರಿಮಾಡಿಕೊಂಡು, ‘ಸೆರೀನ್’ ಅಂತಲೋ ‘ಅಟೋನ್’ ಅಂತಲೋ ಒಂದು ಸುಸಂಸ್ಕೃತ ಪದ ಇಡುತ್ತಾರೆ. ಮೊದಲನೆಯದಕ್ಕೆ ಆರು ಅಂಕ, ಎರಡನೆಯದಕ್ಕೆ ಐದು.

ರಜೆಗೆ ಬಂದಿರುವ ನನ್ನ ತಂಗಿಯ ಮಗಳಿಗೆ ಇಂಥ ಸಂಸ್ಕಾರ ಏನೂ ಇಲ್ಲ. ಎರಡಕ್ಷರದ ಪದಗಳ ಪಟ್ಟಿಯನ್ನು ಮಗ್ಗಿ ಉರುಹೊಡೆದ ಹಾಗೆ ಉರುಹೊಡೆದು ಬಂದಿದ್ದಾಳೆ. ಮೊದಲ ದಿನವೇ ಎರಡು ‘ಎ’ ಇಟ್ಟಳು.

“ಆ?” ಎಂದರು ಇವರು.

“ಹ್ಞೂಂ ದೊಡ್ಡಪ್ಪ, ಅದೇ.”

ಹವಾಯಿಯಲ್ಲಿ ಒರಟೊರಟಾಗಿ ಗಟ್ಟಿಯಾಗುವ ಲಾವಾಕ್ಕೆ ‘ಆಆ’ ಎನ್ನುತ್ತಾರಂತೆ. ಮರುಗಳಿಗೆ ‘ಓ’ ಪಕ್ಕ ‘ಇ’ ಬಂತು. ಅದು ಫ್ಯಾರೋ ದ್ವೀಪಗಳ ಕಡೆಯ ಸುಂಟರಗಾಳಿ. ಆಮೇಲೆ ‘ಎಕ್ಸ್’ ಪಕ್ಕ ‘ಯು’. ವಿಯೆಟ್ನಾಮಿನ ಹಣ ಡಾಂಗ್‌ನ ನೂರನೇ ಒಂದು ಭಾಗ. ಸಾಮಾನುಗಳ ಬೆಲೆ ಏರಿ ಏರಿ ಅಲ್ಲಿನವರೇ ಕೈಬಿಟ್ಟ ಕಾಸು ಅದು, ನಮ್ಮ ಮನೆಯಲ್ಲಿ ಮಾತ್ರ ಒಂಬತ್ತು ಅಂಕಕ್ಕೆ ಚಲಾವಣೆಯಾಗುತ್ತಿದೆ.

ಈ ಅರ್ಥಗಳೆಲ್ಲ ಅವಳು ಹೇಳಿದ್ದಲ್ಲ. ಪ್ರತಿ ಸಲವೂ ಇವರು ಎದ್ದು ಹೋಗಿ ನಿಘಂಟು ತೆಗೆದು ನಮಗೆಲ್ಲ ಓದಿ ಹೇಳಿದ್ದು. ಅವಳು ಅಷ್ಟರಲ್ಲಿ ಅಂಕ ಬರೆದುಕೊಂಡಿರುತ್ತಾಳೆ.

ಕ್ಯೂ ಅಕ್ಷರದ್ದಂತೂ ದೊಡ್ಡ ರಾದ್ಧಾಂತ. ನೂರು ಬಿಲ್ಲೆಯಲ್ಲಿ ಅದು ಇರುವುದು ಒಂದೇ ಒಂದು. ಬೆಲೆ ಹತ್ತು. ಇವರ ಕೈಗೆ ಬಂದರೆ ಪಕ್ಕದಲ್ಲಿ ‘ಯು’ ಕುಳ್ಳಿರಿಸದೆ ಹೊರಗೆ ಬಿಡುವುದಿಲ್ಲ, ಮಗಳನ್ನು ಸಿನಿಮಾಕ್ಕೆ ಕಳಿಸುವ ಅಪ್ಪನ ಹಾಗೆ. ಆಟ ಮುಗಿದರೂ ಅದು ಅವರ ಕೈಯಲ್ಲೇ ಇರುತ್ತದೆ, ಹತ್ತು ಅಂಕ ಕಳೆಯುತ್ತದೆ. ಹುಡುಗಿಯ ಹತ್ತಿರವಾದರೆ ‘ಯು’ ಬೇಡದ ಪದಗಳ ಒಂದು ದಂಡೇ ಇದೆ. ಅಗಿಯುವ ಸೊಪ್ಪು ‘ಕಾಟ್’, ನೆಲದಡಿಯ ನೀರಿನ ಕಾಲುವೆ ‘ಕನಾತ್’, ನಮಗೂ ಗೊತ್ತಿರುವ ‘ಫಕೀರ್’. ಎಲ್ಲಕ್ಕಿಂತ ಕಿರಿದು, ಎಲ್ಲಕ್ಕಿಂತ ಅಪಾಯಕಾರಿ, ಕ್ಯೂ ಪಕ್ಕ ಬರೀ ‘ಐ’. ಚೀನೀಯರು ಹೇಳುವ ಪ್ರಾಣಶಕ್ತಿ.

ಅದನ್ನು ಅವಳು ಇಟ್ಟ ಜಾಗ ನೋಡಬೇಕಿತ್ತು. ಅಕ್ಷರಕ್ಕೆ ಮೂರು ಪಟ್ಟು ಕೊಡುವ ಮನೆಯಲ್ಲಿ ಕ್ಯೂ. ಕೆಳಗೆ ಮೊದಲೇ ಇದ್ದ ‘ಐ’, ಬಲಕ್ಕೆ ತನ್ನದೊಂದು ‘ಐ’. ಅಡ್ಡಕ್ಕೆ 31, ಉದ್ದಕ್ಕೆ 31. ಇವರು ಮಣೆ ನೋಡಿದರು, ಅವಳ ಮುಖ ನೋಡಿದರು, “ಛೀ!” ಎಂದರು.

“ಕರೆಕ್ಟ್ ದೊಡ್ಡಪ್ಪ. ಉಚ್ಚಾರಣೆ ಹಾಗೇ.”

ನಾನು ನಕ್ಕಿದ್ದಕ್ಕೆ ನನ್ನ ಮೇಲೂ ಸಿಟ್ಟಾದರು. ನಮ್ಮಿಬ್ಬರಿಗೂ ಸೇರಿಸಿ “ಶ್!” ಎಂದರು. ಅವಳು ತನ್ನ ಬಿಲ್ಲೆಗಳನ್ನು ನೋಡಿಕೊಂಡು, “ಥ್ಯಾಂಕ್ಸ್” ಎನ್ನುತ್ತಾ ‘ಎಸ್’ ಪಕ್ಕ ‘ಎಚ್’ ಇಟ್ಟಳು. ಅದೂ ಪದವೇ. ‘ಹ್ಮ್’ ಕೂಡ ಪದ, ಚಳಿಗೆ ನಡುಗುವ ‘ಬ್ರ್’ ಕೂಡ ಪದ. ಆದರೆ ಜಗತ್ತೆಲ್ಲ ದಿನಕ್ಕೆ ನೂರು ಸಲ ಹೇಳುವ ‘ಓಕೆ’ ಮಾತ್ರ ಉತ್ತರ ಅಮೆರಿಕದ ಸ್ಕ್ರ್ಯಾಬಲ್ ಪಟ್ಟಿಗೆ ಸೇರಲು 2018ರವರೆಗೆ ಬಾಗಿಲಲ್ಲಿ ನಿಂತಿತ್ತು. ಪಿಜ್ಜಾದ ಬಾಲ ಕತ್ತರಿಸಿ ಮಾಡಿದ ‘ಝಾ’ ಅದಕ್ಕಿಂತ ಹನ್ನೆರಡು ವರ್ಷ ಮೊದಲೇ ಒಳಗೆ ಹೋಗಿ ಕೂತಾಗಿತ್ತು. ಪಟ್ಟಿ ಮಾಡುವವರ ನ್ಯಾಯ ನನಗಂತೂ ಅರ್ಥವಾಗಿಲ್ಲ.

“ಅರ್ಥ ಗೊತ್ತಿಲ್ಲದೆ ಪದ ಇಡುವುದು ಅಂದರೆ ಏನು? ಭಾಷೆಗೆ ಮರ್ಯಾದೆ ಬೇಡವಾ?” ಎಂದು ಇವರು ಒಂದು ಸಂಜೆ ಕೇಳಿಯೇಬಿಟ್ಟರು. ಅವಳು ಫೋನ್ ತೆಗೆದು ತೋರಿಸಿದಳು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬಾತ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್‌ನ ವಿಶ್ವ ಚಾಂಪಿಯನ್ ಆದ. ಆತನಿಗೆ ಫ್ರೆಂಚ್ ಮಾತಾಡಲು ಬರುವುದಿಲ್ಲ. ಪಟ್ಟಿ ಬಾಯಿಪಾಠ ಮಾಡಿಕೊಂಡು ಹೋಗಿದ್ದ, ಅಷ್ಟೇ. 2024ರಲ್ಲಿ ಸ್ಪ್ಯಾನಿಷ್‌ನದನ್ನೂ ಗೆದ್ದ. ಸ್ಪ್ಯಾನಿಷ್ ಕೂಡ ಬರುವುದಿಲ್ಲ. ಇವರು ಅದನ್ನು ಎರಡು ಸಲ ಓದಿ, ಫೋನು ವಾಪಸು ಕೊಟ್ಟು, ಆ ರಾತ್ರಿ ಬೇಗ ಮಲಗಿದರು.

ಸೋಂಕು ನನಗೂ ತಗುಲಿದ್ದು ಆ ದಿನಗಳಲ್ಲೇ. ಪಕ್ಕದ ಮನೆಯಾಕೆ ಬಂದು ಮಗ ಹಾಸಿಗೆ ಬಿಟ್ಟು ಏಳುವುದಿಲ್ಲ ಎಂದು ಗೋಳು ಹೇಳಿಕೊಳ್ಳುತ್ತಿದ್ದರು. ಮೂರು ಬೆರಳಿನ ಸೋಮಾರಿ ಪ್ರಾಣಿ ‘ಸ್ಲಾತ್’ಗೆ ಈ ಆಟದಲ್ಲಿ ‘ಎ’, ‘ಐ’ ಎರಡೇ ಅಕ್ಷರದ ಹೆಸರಿದೆ, ಓದುವುದು ‘ಆಯಿ’ ಎಂದು. ನನ್ನ ಬಾಯಿಂದ “ಶುದ್ಧ ಆಯಿ!” ಎಂದು ಹೊರಟುಬಿಟ್ಟಿತು. ತೀರಿಹೋದ ನಮ್ಮಮ್ಮನನ್ನು ನೆನೆಸಿಕೊಂಡೆನೆಂದು ಆಕೆ ನನ್ನ ಕೈ ಹಿಡಿದು ಅರ್ಧ ಗಂಟೆ ಸಮಾಧಾನ ಮಾಡಿದರು. ಮಗನ ಸುದ್ದಿ ಅಲ್ಲಿಗೇ ನಿಂತಿತು.

ಕೆಲವು ದಿನ ಇವರು ಕೋಣೆಯ ಬಾಗಿಲು ಹಾಕಿಕೊಂಡು ಏನೋ ಓದುತ್ತಿದ್ದರು. ಆಮೇಲೊಂದು ಸಂಜೆ ‘ಸಿ’, ‘ಡಬ್ಲ್ಯು’, ‘ಎಂ’ ಮೂರನ್ನೇ ಸಾಲಾಗಿ ಇಟ್ಟು ಕೈಕಟ್ಟಿ ಕೂತರು. ಸ್ವರವೇ ಇಲ್ಲ. ನಮ್ಮ ಕಾಗುಣಿತದಲ್ಲಿ ವ್ಯಂಜನ ಬರೆದರೆ ಸ್ವರ ಬೆನ್ನಿಗೇ ಅಂಟಿಕೊಂಡು ಬರುತ್ತದೆ, ಇದು ಎಲ್ಲಿಂದ ಬಂತು? “ಇದು ಪದವೇ ಅಲ್ಲ, ಚಾಲೆಂಜ್” ಎಂದಳು ಹುಡುಗಿ. ನಿಘಂಟು ತೆಗೆದರೆ, ಇತ್ತು. ಸುಳ್ಳು ಚಾಲೆಂಜಿಗೆ ಅವಳ ಸರದಿ ಹೋಯಿತು.

“ಕೂಮ್!” ಎಂದು ಇವರು ಎದ್ದು ನಿಂತರು. “ವೆಲ್ಷ್ ಭಾಷೆಯ ಪದ. ಅಲ್ಲಿ ಡಬ್ಲ್ಯುವೇ ಸ್ವರ. ಬೆಟ್ಟದ ಮಡಿಲಲ್ಲಿ ಹಿಮನದಿ ಕೊರೆದ ಬಟ್ಟಲಿನಂಥ ತಗ್ಗು. ಎವರೆಸ್ಟ್ ಮೇಲೆ ವೆಸ್ಟರ್ನ್ ಕೂಮ್ ಅಂತ ಇದೆ, 1921ರಲ್ಲಿ ಮ್ಯಾಲರಿ ಇಟ್ಟ ಹೆಸರು. ಈ ಮ್ಯಾಲರಿ ಯಾರಪ್ಪಾ ಅಂದರೆ...”

“ದೊಡ್ಡಪ್ಪ,” ಎಂದಳು ಅವಳು, “ನನ್ನ ಸರದಿ ಹೋಯ್ತಲ್ಲ, ಈಗಲೂ ನಿಮ್ಮದೇ ಆಟ. ಮೊದಲು ಬಿಲ್ಲೆ ಇಡಿ.”

ಇವರು ಕೂತರು. ಉಳಿದ ಬಿಲ್ಲೆಗಳನ್ನು ಹಿಂದೆ ಮುಂದೆ ಮಾಡಿದರು. ಕನ್ನಡಕ ಒರೆಸಿದರು. ಆಮೇಲೆ ಹದಿನಾಲ್ಕು ಸಾಲಿನ ಕವಿತೆಯ ಹೆಸರು, ‘ಸಾನೆಟ್’ ಎಂದು ಇಟ್ಟರು.